ಜನಕ್ಕೂ ಸರಕಿಗೂ ಒಂದೇ ಎಂಜಿನ್

ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ಉಗಿಬಂಡಿ ಬರಲೇ ಇಲ್ಲ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗ ಮುಟ್ಟಿದ ಮೀಟರ್ ಗೇಜ್ ಹಳಿ ಆಮೇಲೆ ಆನಂದಪುರ, ಸಾಗರಗಳ ಮೂಲಕ 1940ರ ಹೊತ್ತಿಗೆ ತಾಳಗುಪ್ಪಕ್ಕೆ ಹೋಗಿ ನಿಂತಿತು. ರೈಲು ಹತ್ತಲು ಸೊರಬದವರು ಸಾಗರಕ್ಕೆ, ಶಿಕಾರಿಪುರದವರು ಆನಂದಪುರಕ್ಕೋ ಶಿವಮೊಗ್ಗಕ್ಕೋ ಹೋಗಬೇಕಿತ್ತು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 2023ರ ಫೆಬ್ರವರಿಯಲ್ಲಿ.

ತಾಳಗುಪ್ಪದ ಹಳಿಯಂಥ, ಜನಸಂಚಾರ ಕಡಿಮೆಯಿರುವ ಕವಲು ಹಳಿಗಳಲ್ಲಿ ಜನರಿಗೊಂದು, ಸರಕಿಗೊಂದು ಗಾಡಿ ಓಡಿಸಿದರೆ ಕಲ್ಲಿದ್ದಲಿನ ಖರ್ಚೂ ಗಿಟ್ಟದು. ಅದಕ್ಕೇ ಬೋಗಿಗಳ ಜೊತೆ ವ್ಯಾಗನ್ನುಗಳನ್ನೂ ಕಟ್ಟಿಕೊಂಡು ಹೋಗುವ ‘ಮಿಕ್ಸೆಡ್’ ಗಾಡಿ ಬಂತು. ಎರಡನ್ನೂ ಎಳೆಯುವ ಎಂಜಿನ್ ಮಾತ್ರ ಸುಲಭದ ಲೆಕ್ಕವಲ್ಲ.

ಲೆಕ್ಕವೆಲ್ಲ ಚಕ್ರದಲ್ಲಿದೆ. ಉಗಿ ಎಂಜಿನ್ನಿಗೆ ಗೇರ್ ಇಲ್ಲ. ಪಿಸ್ಟನ್ ಒಮ್ಮೆ ಹೋಗಿ ಬಂದರೆ ಚಕ್ರ ಒಂದು ಸುತ್ತು. ಚಕ್ರ ದೊಡ್ಡದಿದ್ದರೆ ಆ ಒಂದು ಸುತ್ತಿಗೆ ಹೆಚ್ಚು ದೂರ ಸಿಗುತ್ತದೆ, ಎಳೆತ ಕುಗ್ಗುತ್ತದೆ. ಚಿಕ್ಕದಿದ್ದರೆ ಎಳೆತ ಹೆಚ್ಚು, ಓಟ ಕಡಿಮೆ. ಸ್ವಾತಂತ್ರ್ಯಾನಂತರ ನಮ್ಮ ಮೀಟರ್ ಗೇಜಿಗೆ ಬಂದ ಎರಡು ಎಂಜಿನ್‌ಗಳನ್ನೇ ನೋಡಿ: ಪ್ಯಾಸೆಂಜರ್ ಗಾಡಿಯ ವೈಪಿಗೆ 1372 ಮಿಲಿಮೀಟರಿನ ಚಾಲಕ ಚಕ್ರ, ಗೂಡ್ಸಿನ ವೈಜಿಗೆ 1219. ಒಂದು ಸುತ್ತಿಗೆ ವೈಪಿ ಸುಮಾರು 4.3 ಮೀಟರ್ ಸಾಗಿದರೆ ವೈಜಿ 3.8 ಮೀಟರ್. ಬಾಯ್ಲರ್ ಮಾತ್ರ ಎರಡಕ್ಕೂ ಒಂದೇ ನಮೂನೆಯದು.

ಬ್ರಿಟನ್ನಿನಲ್ಲಿ ಎರಡೂ ಕೆಲಸಕ್ಕೆ ಸಲ್ಲುವಂತೆ ಕಟ್ಟಿದ ಎಂಜಿನ್‌ಗಳಲ್ಲಿ ಹೆಸರಾದದ್ದು ‘ಬ್ಲ್ಯಾಕ್ ಫೈವ್’. ಎಕ್ಸ್‌ಪ್ರೆಸ್ ಎಂಜಿನ್ನಿನ ಚಕ್ರ ಆರೂಮುಕ್ಕಾಲು ಅಡಿ, ಗೂಡ್ಸಿನದು ಐದಡಿಗಿಂತ ಕಡಿಮೆ ಇದ್ದಾಗ ಇದಕ್ಕೆ ಆರಡಿಯ ಚಕ್ರ ಕೊಟ್ಟರು. 1934ರಿಂದ 1951ರವರೆಗೆ 842 ತಯಾರಾದವು. ನಮ್ಮಲ್ಲಿ ಅದೇ ಪಾಡಿನ ಹಳೆಯ ದುಡಿಮೆಗಾರ ಮೀಟರ್ ಗೇಜಿನ ಎಫ್ ವರ್ಗ. 1895ರಲ್ಲಿ ಅಜ್ಮೀರ್ ಕಾರ್ಖಾನೆಯಲ್ಲಿ ತಯಾರಾದ ಎಫ್-734, ಭಾರತದಲ್ಲೇ ಕಟ್ಟಿದ ಮೊದಲ ಉಗಿ ಎಂಜಿನ್ ಎಂದು ಹೆಸರಾಗಿದೆ. ಅದರ ಆರೂ ಚಕ್ರ ಚಾಲಕ ಚಕ್ರಗಳೇ ಆದ್ದರಿಂದ ಎಂಜಿನ್ನಿನ ಭಾರವೆಲ್ಲ ಹಳಿಯ ಹಿಡಿತಕ್ಕೆ ಒದಗುತ್ತಿತ್ತು. ಮುಂದೆ ದಾರಿ ಹಿಡಿಸುವ ಚಿಕ್ಕ ಚಕ್ರಗಳಿಲ್ಲದ ಕಾರಣ ವೇಗ ಹೆಚ್ಚಿಸುವಂತಿರಲಿಲ್ಲ. ಮಳೆಗೆ ನೆನೆದ ಹಳಿಯ ಮೇಲೆ ಚಕ್ರ ಜಾರಿದರೆ ಅದರ ಮುಂದೆ ಮರಳು ಸುರಿಯಬೇಕಿತ್ತು.

ಚಕ್ರ ಬದಲಿಸಲಾಗದಿದ್ದರೂ ಡ್ರೈವರ್ ಉಗಿಯ ಪಾಲು ಬದಲಿಸಬಲ್ಲ. ಹೊರಡುವಾಗಲೂ ಏರಿನಲ್ಲೂ ಪಿಸ್ಟನ್ನಿನ ದಾರಿಯ ಬಹುಭಾಗ ಉಗಿ ಬಿಡುತ್ತಾನೆ. ಸಮತಟ್ಟಿನ ಓಟದಲ್ಲಿ ಕಾಲುಭಾಗಕ್ಕೇ ನಿಲ್ಲಿಸಿದರೆ ಒಳಗಿರುವ ಉಗಿ ತಾನೇ ಹಿಗ್ಗಿ ಉಳಿದ ದಾರಿಗೆ ತಳ್ಳುತ್ತದೆ. ನೀರೂ ಕಲ್ಲಿದ್ದಲೂ ಉಳಿಯುತ್ತವೆ. ಕೆಲಸ ಮುಗಿಸಿದ ಉಗಿ ಚಿಮಣಿಯಲ್ಲಿ ಭುಸ್ಸೆಂದು ನುಗ್ಗುವಾಗ ಬೆಂಕಿಯತ್ತ ಗಾಳಿ ಸೆಳೆಯುತ್ತದೆ. ತಿದಿ ಒತ್ತುವವನಿಲ್ಲದ ಕುಲುಮೆ ಅದು: ಹೊರೆ ಹೆಚ್ಚಿದಷ್ಟೂ ಬೆಂಕಿ ತಾನಾಗಿ ಪ್ರಬಲಿಸುತ್ತದೆ. ಫೈರ್‌ಮನ್ ಆ ಹಸಿವಿಗೆ ತಕ್ಕಂತೆ ಕಲ್ಲಿದ್ದಲು ಎಸೆಯುತ್ತ, ಬಾಯ್ಲರಿನ ನೀರು ಇಳಿಯದಂತೆ ಕಾಯಬೇಕು. ಇಳಿದರೆ ಬೆಂಕಿಗೂಡಿನ ಚಾವಣಿಯ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ.

ವಿದ್ಯುತ್ ಎಂಜಿನ್ನಿನಲ್ಲಿ ಮೋಟಾರಿಗೂ ಚಕ್ರಕ್ಕೂ ನಡುವೆ ಗೇರ್ ಬಂತು. ಇಂದು ಎಕ್ಸ್‌ಪ್ರೆಸ್ ಎಳೆಯುವ ಡಬ್ಲ್ಯೂಎಪಿ-7 ಹುಟ್ಟಿದ್ದು ಗೂಡ್ಸಿನ ಡಬ್ಲ್ಯೂಎಜಿ-9ರಿಂದಲೇ. ಮುಖ್ಯವಾಗಿ ಬದಲಿಸಿದ್ದು ಗೇರಿನ ಅನುಪಾತ. ಜನಕ್ಕೋ ಸರಕಿಗೋ ಎಂಬ ಪ್ರಶ್ನೆಗೆ ಚಕ್ರದ ಅಳತೆ ಕೊಡುತ್ತಿದ್ದ ಉತ್ತರವನ್ನು ಈಗ ಹಲ್ಲುಗಳ ಎಣಿಕೆ ಕೊಡುತ್ತಿದೆ.