ಮಗಳು ಟೆಕ್ಸಾಸಿನಲ್ಲಿ, ರಿಟರ್ನು ಎರಡು ದೇಶಗಳಲ್ಲಿ

ಮುಂಬಯಿಯ ಮಾಟುಂಗದಲ್ಲಿ ಕೂತು ತೆರಿಗೆ ಲೆಕ್ಕ ಬರೆಯುವ ನನಗೆ ಮೊದಲೆಲ್ಲ ಜುಲೈ ತಿಂಗಳಷ್ಟೇ ಉಸಿರುಕಟ್ಟುವ ಕಾಲ. ಈಗ ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೂ ಫೋನಿಗೆ ಬಿಡುವಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಡಲ್ಲಾಸಿನಿಂದ ಕರೆ ಬರುತ್ತದೆ, ರಾತ್ರಿ ಊಟ ಮುಗಿಸುವಾಗ ಬಾಸ್ಟನ್ನಿನಿಂದ. ಡೊಂಬಿವಲಿ, ಮುಲುಂಡ್, ಮೀರಾ ರೋಡಿನ ಕನ್ನಡ ಮನೆಗಳಿಂದ ಎಂ.ಎಸ್. ಓದಲು ಹೋದ ಮಕ್ಕಳು ಇವರು. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಆಂಟಿ, ನಂಗೆ ಇನ್ಕಮ್ಮೇ ಇಲ್ಲ. ನಾನ್ಯಾಕೆ ರಿಟರ್ನ್ ತುಂಬಬೇಕು?’

ಇಲ್ಲಿ ಮನೆಯಲ್ಲಿರುವ ಅಪ್ಪ ಅಮ್ಮನೂ ಅದನ್ನೇ ನಂಬಿರುತ್ತಾರೆ. ದುಡಿದವನು ತೆರಿಗೆ ಕಟ್ಟಬೇಕು, ಓದುವ ಹುಡುಗಿಗೆ ಅದರ ಗೊಡವೆ ಏಕೆ ಎಂದು. ಈ ನಂಬಿಕೆಯನ್ನು ಬಿಡಿಸುವುದೇ ನನಗೆ ದೊಡ್ಡ ಕೆಲಸ. ತೆರಿಗೆಯ ಕಾನೂನು ಮೊದಲು ಕೇಳುವುದು ನೀನು ಯಾರು, ಈ ವರ್ಷ ಯಾವ ದೇಶದಲ್ಲಿ ಎಷ್ಟು ದಿನ ಇದ್ದೆ, ಯಾವ ವೀಸಾದಲ್ಲಿ ಇದ್ದೆ ಎಂದು. ಹಣದ ಮಾತು ಆಮೇಲೆ. ಮೊದಲ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರು ಮುಂದೆ ಎಷ್ಟು ಸರಿಯಾಗಿ ಕೂಡಿ ಕಳೆದರೂ ರಿಟರ್ನು ತಪ್ಪೇ.

ಅಮೆರಿಕದಲ್ಲಿ ಎಫ್-1 ವೀಸಾದ ವಿದ್ಯಾರ್ಥಿಯನ್ನು ಮೊದಲ 5 ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ಅನಿವಾಸಿ ಎಂದೇ ಎಣಿಸುತ್ತಾರೆ. ‘ವರ್ಷ’ ಎಂದರೆ 365 ದಿನ ತುಂಬಬೇಕು ಎಂದಲ್ಲ. 2021ರ ಆಗಸ್ಟಿನಲ್ಲಿ ವಿಮಾನ ಇಳಿದವಳಿಗೆ 2021 ಇಡೀ ಒಂದು ವರ್ಷ. 2025ಕ್ಕೆ ಐದು ಮುಗಿಯುತ್ತದೆ. ಡಿಸೆಂಬರ್ 28ಕ್ಕೆ ಇಳಿದರೂ ಆ ವರ್ಷ ಲೆಕ್ಕಕ್ಕೆ ಸೇರಿತು. ಈ ಐದು ವರ್ಷಗಳಲ್ಲಿ ಪ್ರತಿ ವರ್ಷವೂ ಆಕೆ 8843 ಎಂಬ ನಮೂನೆಯನ್ನು ಕಳಿಸಬೇಕು. ಒಂದು ಡಾಲರ್ ಗಳಿಸದಿದ್ದರೂ ಕಳಿಸಬೇಕು. ಅದರಲ್ಲಿ ದುಡ್ಡಿನ ಲೆಕ್ಕವೇ ಇಲ್ಲ. ಹೆಸರು, ಪಾಸ್‌ಪೋರ್ಟ್, ವಿಶ್ವವಿದ್ಯಾಲಯ, ದೇಶದಲ್ಲಿದ್ದ ದಿನಗಳು, ಕೆಳಗೆ ಒಂದು ಸಹಿ. ಆದಾಯ ಇಲ್ಲದವರು ಅದೊಂದನ್ನೇ ಜೂನ್ 15ರೊಳಗೆ ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ತೆರಿಗೆ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಿದರೆ ಆಯಿತು. ಜೊತೆಗೆ ಹೋದ ಗಂಡನೋ ಹೆಂಡತಿಯೋ ಎಫ್-2 ವೀಸಾದಲ್ಲಿದ್ದರೆ ಅವರಿಗೂ ಪ್ರತ್ಯೇಕವಾಗಿ ಒಂದು.

ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿದವರಿಗೆ ಏಪ್ರಿಲ್ 15 ಗಡುವು, ನಮೂನೆ 1040-ಎನ್‌ಆರ್. ಇಲ್ಲೇ ನಾನು ಪ್ರತಿ ಮಗುವಿಗೂ ಬಿಡಿಸಿ ಹೇಳುವ, ಹೇಳುವಾಗ ಪ್ರತಿ ಸಲವೂ ಖುಷಿಪಡುವ ಸಂಗತಿಯೊಂದಿದೆ.

1989ರ ಸೆಪ್ಟೆಂಬರ್ 12ರಂದು ಹೊಸದಿಲ್ಲಿಯಲ್ಲಿ ಭಾರತ ಮತ್ತು ಅಮೆರಿಕ ಒಂದು ತೆರಿಗೆ ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರ 21ನೇ ವಿಧಿ ವಿದ್ಯಾರ್ಥಿಗಳದು. ಅದರ ಎರಡನೇ ಉಪವಿಧಿಯ ಬಲದಿಂದ ಭಾರತದಿಂದ ಓದಲು ಹೋದವರು ಅಮೆರಿಕನ್ನರಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ದೇಶಗಳ ವಿದ್ಯಾರ್ಥಿಗಳಿಗೆ ಅನಿವಾಸಿ ರಿಟರ್ನಿನಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇಲ್ಲ. 2024ರ ಲೆಕ್ಕಕ್ಕೆ ಒಂಟಿ ವ್ಯಕ್ತಿಗೆ ಅದು 14,600 ಡಾಲರ್. ಆ ವರ್ಷ 12,000 ಡಾಲರ್ ಗಳಿಸಿದ ನಮ್ಮ ಹುಡುಗನಿಗೆ ಫೆಡರಲ್ ತೆರಿಗೆ ಸೊನ್ನೆ, ಸಂಬಳದಲ್ಲಿ ಹಿಡಿದಿದ್ದೆಲ್ಲ ವಾಪಸು. ಅಷ್ಟೇ ಗಳಿಸಿದ ನೇಪಾಳದ ರೂಮ್‌ಮೇಟ್ ಸುಮಾರು 1,200 ಡಾಲರ್ ಕಟ್ಟಬೇಕು, ಏಕೆಂದರೆ ನೇಪಾಳಕ್ಕೆ ಅಮೆರಿಕದೊಂದಿಗೆ ಇಂಥ ಒಪ್ಪಂದವೇ ಇಲ್ಲ. ಎಂದೋ ಕೂತು ಚೌಕಾಸಿ ಮಾಡಿದ ನಮ್ಮ ಅಧಿಕಾರಿಗಳು ಮುಂದೆ ಹುಟ್ಟಲಿರುವ ಮಕ್ಕಳ ಒಂದೆರಡು ತಿಂಗಳ ಮನೆಬಾಡಿಗೆ ಉಳಿಸಿಕೊಟ್ಟರು ಎಂದೇ ನಾನು ತಿಳಿದಿದ್ದೇನೆ. ಆದರೆ ಅದು ತಾನಾಗಿ ಬರುವುದಿಲ್ಲ. ಆ ಕಡಿತದ ಸಾಲಿನಲ್ಲಿ ಭಾರತ-ಅಮೆರಿಕ ಒಪ್ಪಂದದ ಹೆಸರು ಹೇಳಿ ಕೇಳಬೇಕು.

ಎರಡನೆಯದು ಸಂಬಳ ಚೀಟಿ. ಸೋಶಿಯಲ್ ಸೆಕ್ಯುರಿಟಿಗೆ 6.2%, ಮೆಡಿಕೇರ್‌ಗೆ 1.45%, ಒಟ್ಟು 7.65% ಅಮೆರಿಕದ ನೌಕರರ ಸಂಬಳದಿಂದ ಹೋಗುತ್ತದೆ. ತೆರಿಗೆಗೆ ಅನಿವಾಸಿಯಾಗಿರುವ ಎಫ್-1 ವಿದ್ಯಾರ್ಥಿ ತನ್ನ ವೀಸಾ ಅನುಮತಿಸುವ ಕೆಲಸದಲ್ಲಿ ಇದನ್ನು ಕಟ್ಟಬೇಕಿಲ್ಲ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅವಧಿಯಲ್ಲೂ, ಐದು ವರ್ಷ ದಾಟಿಲ್ಲದಿದ್ದರೆ, ಹೀಗೆಯೇ. ಸಣ್ಣ ಕಂಪನಿಗಳ ಸಂಬಳ ವಿಭಾಗಕ್ಕೆ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ, ಹಿಡಿದುಬಿಡುತ್ತಾರೆ. 60,000 ಡಾಲರ್ ಸಂಬಳಕ್ಕೆ ಹಾಗೆ ಹೋಗುವುದು 4,590 ಡಾಲರ್. ಅದನ್ನು ವಾಪಸು ಕೊಡಿ ಎಂದು ಮೊದಲು ಕಂಪನಿಯನ್ನೇ ಕೇಳಬೇಕು; ಅವರು ಕೊಡದಿದ್ದರೆ 843 ಮತ್ತು 8316 ನಮೂನೆಗಳಲ್ಲಿ ಸರ್ಕಾರವನ್ನು ಕೇಳಬೇಕು. ಸೇರಿದ ಮೊದಲ ತಿಂಗಳೇ ಚೀಟಿ ನೋಡಿಕೊಂಡವರಿಗೆ ಈ ಓಡಾಟ ತಪ್ಪುತ್ತದೆ.

ಸೀನಿಯರ್‌ಗಳ ಮಾತು ಕೇಳಿ ಅಮೆರಿಕನ್ನರು ಬಳಸುವ ಸಾಫ್ಟ್‌ವೇರಿನಲ್ಲಿ ಹತ್ತು ನಿಮಿಷದಲ್ಲಿ ರಿಟರ್ನ್ ಮುಗಿಸುವ ಚಾಳಿಯೊಂದಿದೆ. ಅವುಗಳಲ್ಲಿ ಹಲವು 1040-ಎನ್‌ಆರ್ ಮಾಡುವುದೇ ಇಲ್ಲ. ನಿವಾಸಿಗಳ 1040 ಹಾಕಿ, ಮೇಲೆ ಶಿಕ್ಷಣದ ಕ್ರೆಡಿಟ್ಟನ್ನೂ ಕೊಟ್ಟುಬಿಡುತ್ತವೆ. ಸಾವಿರ ಡಾಲರ್ ಹೆಚ್ಚು ರಿಫಂಡ್ ಬಂತೆಂದು ಮಕ್ಕಳು ಹಿಗ್ಗುತ್ತಾರೆ. ಆ ಹಣ ಅವರದಲ್ಲ. ಮುಂದೆ ಎಚ್-1ಬಿ, ಗ್ರೀನ್ ಕಾರ್ಡ್ ಎಂದು ಹೋದಾಗ ಹಳೆಯ ರಿಟರ್ನುಗಳು ಎದುರು ಬರಬಹುದು, ನಿವಾಸಿ ಎಂದು ಸಹಿ ಹಾಕಿದ್ದು ಅಲ್ಲಿ ಕಾಣುತ್ತದೆ. ಹಾಗೆ ಮಾಡಿದವರು 1040-ಎಕ್ಸ್ ಹಾಕಿ ತಿದ್ದಿಕೊಂಡು, ಹಣ ಹಿಂತಿರುಗಿಸಲಿ ಎಂದು ನಾನು ಒತ್ತಾಯಿಸುತ್ತೇನೆ. ಎಷ್ಟೋ ವಿಶ್ವವಿದ್ಯಾಲಯಗಳ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗಳು ಅನಿವಾಸಿಗಳಿಗೆಂದೇ ಇರುವ ಸಾಫ್ಟ್‌ವೇರನ್ನು ಉಚಿತವಾಗಿ ಒದಗಿಸುತ್ತವೆ. ಆ ಇಮೇಲನ್ನು ತೆರೆದು ನೋಡುವ ತಾಳ್ಮೆ ಬೇಕು.

ರಾಜ್ಯದ ತೆರಿಗೆ ಬೇರೆ. ಟೆಕ್ಸಾಸಿನಲ್ಲಿ ಅದು ಇಲ್ಲ, ನ್ಯೂಯಾರ್ಕ್, ಕ್ಯಾಲಿಫೋರ್ನಿಯದಲ್ಲಿ ಇದೆ.

ಇನ್ನು ನಮ್ಮ ದೇಶದ ಕಡೆ. ‘ಅಮೆರಿಕಕ್ಕೆ ಹೋದಮೇಲೆ ಇಲ್ಲಿಯದೇನು’ ಎಂದು ಕೇಳುವವರಿಗೆ ನಾನು ದಿನ ಎಣಿಸಿ ತೋರಿಸುತ್ತೇನೆ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. 2024ರ ಆಗಸ್ಟ್ ನಡುವಿನಲ್ಲಿ ಮುಂಬಯಿಯಿಂದ ವಿಮಾನ ಹತ್ತಿದ ಹುಡುಗಿ ಆ ವರ್ಷ ಸುಮಾರು 135 ದಿನ ಭಾರತದಲ್ಲಿದ್ದಳು. 182 ಆಗಲಿಲ್ಲ, ನಿಜ. ಆದರೆ ಕಾನೂನಿನಲ್ಲಿ ಇನ್ನೊಂದು ಅಳತೆಯಿದೆ: ಆ ವರ್ಷ 60 ದಿನ, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿ. ಉದ್ಯೋಗಕ್ಕೆಂದು ಹೊರಡುವ ಭಾರತೀಯರಿಗೆ ಆ 60ರ ಜಾಗದಲ್ಲಿ 182 ಎಂಬ ರಿಯಾಯಿತಿ ಇದೆ. ಓದಲು ಹೊರಡುವವರ ಹೆಸರನ್ನು ಅಲ್ಲಿ ಹೇಳಿಲ್ಲ. ಹಾಗಾಗಿ ಹೊರಟ ವರ್ಷ ಆಕೆ ಭಾರತದ ನಿವಾಸಿಯೇ. ಟೆಕ್ಸಾಸಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ 2025ರ ಮಾರ್ಚ್ 31ರವರೆಗೆ ಗಳಿಸಿದ್ದೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ 20 ಗಂಟೆ, ಗಂಟೆಗೆ 12 ಡಾಲರ್, 28 ವಾರ ಎಂದಿಟ್ಟುಕೊಳ್ಳಿ: 6,720 ಡಾಲರ್, ಡಾಲರಿಗೆ 84 ರೂಪಾಯಿಯಂತೆ ಸುಮಾರು 5.6 ಲಕ್ಷ. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಬೇಟ್ ಇತ್ತು, ತೆರಿಗೆ ಸೊನ್ನೆ. ರಿಟರ್ನು ಮಾತ್ರ ತಪ್ಪಲಿಲ್ಲ.

ವಿಚಿತ್ರವೆಂದರೆ ಬ್ಯಾಂಕಿನ ಕಾನೂನು ಬೇರೆಯೇ ಹೇಳುತ್ತದೆ. ರಿಸರ್ವ್ ಬ್ಯಾಂಕ್ 2003ರ ಡಿಸೆಂಬರಿನ ಸುತ್ತೋಲೆಯಲ್ಲಿ ಓದಲು ವಿದೇಶಕ್ಕೆ ಹೋದವರನ್ನು ವಿದೇಶಿ ವಿನಿಮಯ ಕಾಯ್ದೆಯ ಮಟ್ಟಿಗೆ ಅನಿವಾಸಿಗಳೆಂದು ಪರಿಗಣಿಸಿದೆ. ಘಾಟ್ಕೋಪರಿನ ಶಾಖೆಯಲ್ಲಿರುವ ಆಕೆಯ ಉಳಿತಾಯ ಖಾತೆ ಅನಿವಾಸಿಗಳ ಖಾತೆ, ಅಂದರೆ ಎನ್‌ಆರ್‌ಒ ಆಗಬೇಕು. ಒಂದೇ ತಿಂಗಳಲ್ಲಿ ಒಬ್ಬಳೇ ಹುಡುಗಿ ಬ್ಯಾಂಕಿಗೆ ಅನಿವಾಸಿ, ಆದಾಯ ತೆರಿಗೆ ಇಲಾಖೆಗೆ ನಿವಾಸಿ. ತಂದೆತಾಯಿಗೆ ಇದನ್ನು ಅರ್ಥಮಾಡಿಸಲು ಸಮಯ ಹಿಡಿಯುತ್ತದೆ, ಆದರೆ ಹಿಡಿಸಬೇಕು.

ಅದರ ಹಿಂದೆಯೇ ವಿದೇಶಿ ಆಸ್ತಿಯ ಪಟ್ಟಿ, ಷೆಡ್ಯೂಲ್ ಎಫ್‌ಎ. ಪೂರ್ಣ ನಿವಾಸಿಯಾದವರು ವಿದೇಶದಲ್ಲಿ ಬ್ಯಾಂಕ್ ಖಾತೆ ಹೊಂದಿದ್ದರೆ ಆದಾಯ ಎಷ್ಟೇ ಕಡಿಮೆಯಿರಲಿ, ರಿಟರ್ನು ಹಾಕಿ ಅದನ್ನು ತೋರಿಸಲೇಬೇಕು. ಇದಕ್ಕೆ ಸರಳವಾದ ಐಟಿಆರ್-1 ನಡೆಯದು, ಐಟಿಆರ್-2 ಬೇಕು. ಈ ಪಟ್ಟಿಯ ಲೆಕ್ಕ ಮಾತ್ರ ಜನವರಿಯಿಂದ ಡಿಸೆಂಬರಿಗೆ. 2015ರ ಕಪ್ಪುಹಣ ಕಾಯ್ದೆಯ ಪ್ರಕಾರ ಮುಚ್ಚಿಟ್ಟರೆ ದಂಡ 10 ಲಕ್ಷ ರೂಪಾಯಿ. ಓದುವ ಮಗುವಿಗೆ ಇದು ಅತಿಯಾಯಿತೆಂದು ನನಗೆ ಬಹಳ ಕಾಲ ಅನಿಸಿತ್ತು. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡ ಇಲ್ಲವೆಂದು ಮಾಡಿದ್ದಾರೆ. ಒಳ್ಳೆಯ ತಿದ್ದುಪಡಿ. ತೋರಿಸುವ ಕರ್ತವ್ಯ ಮಾತ್ರ ಹಾಗೇ ಉಳಿದಿದೆ.

ಮರುವರ್ಷದಿಂದ ನಿರಾಳ. ಪೂರ್ತಿ ಅಲ್ಲೇ ಇದ್ದವಳು ಇಲ್ಲಿ ಅನಿವಾಸಿ, ಅಮೆರಿಕದ ಗಳಿಕೆ ಇಲ್ಲಿಗೆ ಬರುವುದಿಲ್ಲ.

ಹಣ ಕಳಿಸುವ ತಂದೆತಾಯಿಗಳಿಗೆ ಒಂದು ಮಾತು. ವರ್ಷಕ್ಕೆ ಒಬ್ಬರು 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಒಂದು ಮಿತಿ ದಾಟಿದ ಮೇಲೆ ಬ್ಯಾಂಕು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿಸುವ ತೆರಿಗೆ, ಹಿಡಿಯುತ್ತದೆ; 2025ರ ಏಪ್ರಿಲ್‌ನಿಂದ ಆ ಮಿತಿ 7 ಲಕ್ಷದಿಂದ 10 ಲಕ್ಷಕ್ಕೆ ಏರಿತು, ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಟಿಸಿಎಸ್ಸೇ ಇಲ್ಲ. ಕುರ್ಲಾದಲ್ಲಿ ಊಟದ ಮನೆ ನಡೆಸುವ ಒಬ್ಬರು ಉಳಿತಾಯದ 18 ಲಕ್ಷವನ್ನು ಮಗಳ ಖಾತೆಗೆ ಹಾಕಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಕಳಿಸಿದರು. 2025-26ರ ಲೆಕ್ಕದಂತೆ 10 ಲಕ್ಷ ಮೀರಿದ 8 ಲಕ್ಷಕ್ಕೆ 5%, ಅಂದರೆ 40,000 ರೂಪಾಯಿ ಹಿಡಿದರು. ಅದು ಕಾಣುವುದು ಮಗಳ ಪ್ಯಾನ್‌ನಲ್ಲಿ. ಅಪ್ಪನ ತೆರಿಗೆಗೆ ಹೊಂದಿಸಲು ಬರುವುದಿಲ್ಲ. ಮಗಳು ರಿಟರ್ನು ಹಾಕಿದರೆ ಮಾತ್ರ ವಾಪಸು. ತಮ್ಮ ಖಾತೆಯಿಂದಲೇ ಕಳಿಸಿದ್ದರೆ ತಮ್ಮ ತೆರಿಗೆಯಲ್ಲೇ ಕಳೆದುಕೊಳ್ಳಬಹುದಿತ್ತು. ಇನ್ನು, ತನಗಾಗಲಿ ಬೇರೆಯವರಿಗಾಗಲಿ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದವರು, ಆದಾಯ ಮಿತಿಯೊಳಗಿದ್ದರೂ, ರಿಟರ್ನು ಹಾಕಲೇಬೇಕು.

ನಮ್ಮಪ್ಪ ಫೋರ್ಟಿನ ಹೋಟೆಲೊಂದರಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅವರ ಜೊತೆ ಬೆಂಚಿನಲ್ಲಿ ಕೂತವರ ಮೊಮ್ಮಕ್ಕಳ ಕಾಗದಗಳನ್ನು ಇಂದು ನಾನು ನೋಡುತ್ತಿದ್ದೇನೆ. ಆ ತಲೆಮಾರಿನವರಿಗೆ ಯಾವ ನಮೂನೆಗೂ ಇನ್ನೊಬ್ಬರೇ ಕೈ ಹಾಕಬೇಕಿತ್ತು. ಅದಕ್ಕೇ ನಾನು ಈ ಮಕ್ಕಳಿಗೆ ರಿಟರ್ನು ತುಂಬಿಕೊಡುವುದಿಲ್ಲ, ಅವರೇ ತುಂಬುವಾಗ ಫೋನಿನ ಈ ತುದಿಯಲ್ಲಿ ಕೂತಿರುತ್ತೇನೆ.

ಈ ಲೆಕ್ಕ ನಮ್ಮ ಊರಿಗೆ ಬಂದು ಓದುವವರಿಗೂ ಇದೆ. ದೇವನಾರದ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1956ರಲ್ಲಿ ಶುರುವಾಗಿ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳನ್ನು ಕಂಡಿದೆ. ಪವಾಯಿಯ ಐಐಟಿಯಲ್ಲೂ ವಿದೇಶಿ ಮಕ್ಕಳಿದ್ದಾರೆ. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಆದರೆ ಅವರ ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ಬ್ಯಾಂಕು 30%ರ ಮೇಲೆ ಸೆಸ್ ಸೇರಿಸಿ ಹಿಡಿಯುತ್ತದೆ. ಪ್ಯಾನ್ ಪಡೆದು ರಿಟರ್ನು ಹಾಕಿದರೆ ಅದು ತಿರುಗಿ ಸಿಗಬಹುದು. ಹೇಳುವವರಿಲ್ಲದೆ ಎಷ್ಟೋ ಮಂದಿ ಆ ಹಣ ಬಿಟ್ಟು ಹೋಗುತ್ತಾರೆ. ಅವರ ಹಾಸ್ಟೆಲಿನ ನೆರೆಯಲ್ಲಿರುವ ನಮ್ಮವರು ಯಾರಾದರೂ ಹೇಳಿದರೆ ದೊಡ್ಡ ಉಪಕಾರ.

ಅಮೆರಿಕದಲ್ಲಿ ಮಗ, ಮಗಳು ಇರುವವರು ಈ ಭಾನುವಾರದ ವಿಡಿಯೊ ಕರೆಯಲ್ಲಿ ಕೇಳಿ: ಹೋದ ದಿನಾಂಕದ ಪಾಸ್‌ಪೋರ್ಟ್ ಮುದ್ರೆಯ ಚಿತ್ರ, ಐ-94ರ ಪ್ರಯಾಣ ವಿವರ, ವಿಶ್ವವಿದ್ಯಾಲಯ ಕೊಟ್ಟ ಐ-20, ಕೆಲಸ ಮಾಡಿದ್ದರೆ ಡಬ್ಲ್ಯು-2, ಸ್ಕಾಲರ್‌ಶಿಪ್ ಇದ್ದರೆ 1042-ಎಸ್, ಡಿಸೆಂಬರ್ 31ರ ಬ್ಯಾಂಕ್ ಶಿಲ್ಕು. 8843 ಕಳಿಸಿದ ಅಂಚೆ ರಸೀದಿಯನ್ನೂ ಕೇಳಿ. ಇವಿಷ್ಟೂ ಒಂದು ಫೋಲ್ಡರಿನಲ್ಲಿದ್ದರೆ ಏಪ್ರಿಲ್‌ನಲ್ಲಿ ಅಲ್ಲಿನ ರಿಟರ್ನೂ ಜುಲೈಯಲ್ಲಿ ಇಲ್ಲಿನ ರಿಟರ್ನೂ ಒಂದೊಂದು ಸಂಜೆಯಲ್ಲಿ ಮುಗಿಯುತ್ತವೆ.