ಈಗ ಏನು ಕೇಳುತ್ತಿದ್ದೀರಿ?

ಕನ್ನಡದ ‘ಕೇಳು’ ಎಂಬ ಕ್ರಿಯಾಪದ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಪ್ರಶ್ನೆಯನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ವಿಚಾರಿಸುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರಿಗೆ ಏಕೆ ತೋರಿತೋ, ಅದನ್ನು ಭಾಷಾಶಾಸ್ತ್ರಜ್ಞರು ಹೇಳಬೇಕು. ಸಂಗೀತದ ಮಟ್ಟಿಗಂತೂ ಈ ಎರಡು ಅರ್ಥಗಳು ಒಂದನ್ನೊಂದು ಬಿಟ್ಟಿರಲಾರವೆಂಬುದು ನನ್ನ ನಂಬಿಕೆ. ಕೇಳಿದ್ದನ್ನು ಇನ್ನೊಬ್ಬರೊಡನೆ ಕೇಳಿ ನೋಡುವವರೆಗೆ ಕೇಳ್ಮೆ ಅರ್ಧಕ್ಕೇ ನಿಂತಿರುತ್ತದೆ. ಈ ನಂಬಿಕೆ ನನಗೆ ಯಾವ ಗ್ರಂಥದಿಂದಲೂ ಬಂದದ್ದಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಸೇರುವ ಒಂದು ಪುಟ್ಟ ಕೂಟದಿಂದ ಬಂದದ್ದು.

ಕೂಟವೆಂದರೆ ಸಂಘವಲ್ಲ, ಸಭೆಯಲ್ಲ. ಅದಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಗಣಿತ ಕಲಿಸಿ ನಿವೃತ್ತರಾದ ಮಾಸ್ತರೊಬ್ಬರ ಮನೆಯ ಪಡಸಾಲೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಆದಿತ್ಯವಾರ ಹೊತ್ತು ಮುಳುಗುವಾಗ, ಆರೇಳು ಮಂದಿ ಸೇರುತ್ತೇವೆ. ಮೈಸೂರಿನಲ್ಲಿ ಬೆಳೆದು ಬ್ಯಾಂಕಿನ ನೌಕರಿಯಿಂದಾಗಿ ಇತ್ತ ಬಂದವರೊಬ್ಬರು. ಮರಾಠಿ ನಾಟ್ಯಗೀತೆಗಳ ಮೇಲೆ ಪ್ರಾಣವಿಟ್ಟುಕೊಂಡ ದರ್ಜಿಯೊಬ್ಬರು. ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ. ಉಳಿದವರು ನನ್ನಂತೆ ಹಾಡಲು ಬಾರದ, ಹಾಡನ್ನು ಬಿಟ್ಟಿರಲೂ ಆಗದ ಜಾತಿಯವರು. ಕಳೆದ ಹದಿನೈದು ದಿನಗಳಲ್ಲಿ ತಾನು ಮತ್ತೆ ಮತ್ತೆ ಕೇಳಿದ ಒಂದನ್ನು, ಒಂದನ್ನೇ, ಪ್ರತಿಯೊಬ್ಬರೂ ತರಬೇಕು. ಅದನ್ನು ಹಾಕಿ ಏಕೆ ತಂದೆನೆಂದು ಹೇಳಬೇಕು. ಹೇಳುವಾಗ ಒಂದು ಮಾತಿಗೆ ಮಾತ್ರ ನಿಷೇಧ.

“‘ಅದ್ಭುತ’ ಅಂದ್ರ ಏನೂ ಹೇಳಿಧಂಗ ಆಗಲಿಲ್ಲ,” ಎನ್ನುತ್ತಾರೆ ಮಾಸ್ತರು. “ಎಲ್ಲಿ ಹಿಡೀತು, ಅದನ್ನ ಹೇಳ್ರಿ.”

ಇದು ಸಣ್ಣ ಶರತ್ತೆಂದು ವಾಚಕರು ಭಾವಿಸಬಾರದು. ಮೆಚ್ಚಿದ್ದೇನೆಂದು ಹೇಳುವುದು ಸುಲಭ. ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋಗುವಾಗ ಎದೆ ಝಲ್ಲೆಂದಿತೆಂದು ಬೊಟ್ಟಿಟ್ಟು ತೋರಿಸುವುದು ಕಷ್ಟ. ತೋರಿಸಿದವನು ತನ್ನನ್ನು ಒತ್ತೆಯಿಟ್ಟಂತೆ. ಕೇಳಿದವರು ಮುಖ ಸಪ್ಪಗೆ ಮಾಡಿದರೆ ನೋವಾಗುತ್ತದೆ. ಆ ನೋವು ಕಲಾವಿದನಿಗಲ್ಲ, ತಂದವನಿಗೆ.

ಇಂಥ ಕೂಡಿ ಕೇಳುವಿಕೆ ಈ ಸೀಮೆಗೆ ಹೊಸದಲ್ಲ. ಗ್ರಾಮಫೋನು ಶ್ರೀಮಂತರ ಮನೆಯ ಒಡವೆಯಾಗಿದ್ದ ಕಾಲದಲ್ಲಿ ಬಡವರು ಬೀದಿಯಲ್ಲಿ ನಿಂತು ಕೇಳಿದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಗ್ರಾಮಫೋನಿನ ದನಿ ಕಿವಿಗೆ ಬಿದ್ದೊಡನೆ ಬೀದಿಗೆ ಓಡಿ ಹೋಗಿ, ಕೇಳಿದ್ದನ್ನು ಅನುಕರಿಸಲು ಯತ್ನಿಸುತ್ತಿದ್ದರು. ಗದುಗಿನ ಭೀಮಸೇನ ಜೋಶಿಯವರ ಎಳೆಯ ಮನಸ್ಸನ್ನು ಸೆರೆಹಿಡಿದದ್ದು ಅಬ್ದುಲ್ ಕರೀಮ್ ಖಾನರ ಒಂದು ಪ್ಲೇಟು, ಝಿಂಝೋಟಿಯ ಠುಮ್ರಿ. ಆ ಸೆಳೆತವೇ ಬೆಳೆದು, 1933ರಲ್ಲಿ ಹನ್ನೊಂದು ವರ್ಷದ ಹುಡುಗ ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟನು. ಮೂರು ನಿಮಿಷದ ಒಂದು ಅರಗಿನ ತಟ್ಟೆ ಎಷ್ಟು ದೂರ ನಡೆಸೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೂರು ನಿಮಿಷವೆಂದೆ. ನಮ್ಮ ಕೂಟದ ಹಳೆಯ ಜಗಳಗಳಲ್ಲಿ ಇದೂ ಒಂದು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷ, ಅದಕ್ಕಿಂತ ತುಸು ಹೆಚ್ಚು. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಇಷ್ಟರಲ್ಲಿ ತುರುಕುವುದು ಅನ್ಯಾಯವೆಂದು ಮೈಸೂರಿನ ಮಿತ್ರರ ವಾದ. ದರ್ಜಿಯವರು ಒಪ್ಪುವುದಿಲ್ಲ. ಅರಿವೆ ಕಡಿಮೆಯಿದ್ದಾಗಲೇ ಕತ್ತರಿಯ ಕೈ ತಿಳಿಯುತ್ತದೆ ಎಂಬುದು ಅವರ ಉತ್ತರ. ನಾನು ದರ್ಜಿಯವರ ಪಕ್ಷ. 1902ರಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣದ ಕಹಳೆಯ ಮುಂದೆ ನಿಂತ ಗೌಹರ್ ಜಾನ್, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ತಟ್ಟೆಗಳನ್ನು ಅಚ್ಚುಮಾಡುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಆದರೆ ಇಂದು ಕೇಳುವಾಗ ಅದು ಬರಿಯ ಗುರುತುಚೀಟಿಯಾಗಿ ಕೇಳಿಸದು. ಅಷ್ಟು ಕಡಿಮೆ ಹೊತ್ತಿನಲ್ಲಿ ರಾಗವನ್ನು ಬಿಡಿಸಿ, ಕೊನೆಗೆ ರುಜು ಹಾಕಿದ ಗತ್ತು ಕೇಳಿಸುತ್ತದೆ. ಆಕೆ ಕಡೆಗಾಲದಲ್ಲಿ ಮೈಸೂರರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಹಳೆಯ ತಟ್ಟೆಗಳಲ್ಲಿ ನನಗೆ ಪ್ರಿಯವಾದ ಇನ್ನೊಂದು ಸಂಗತಿಯುಂಟು. ಸಂತೆಯಲ್ಲಿ ಕೊಂಡ ಪ್ಲೇಟೊಂದರಲ್ಲಿ ಒಂದೇ ಜಾಗ ಮಾತ್ರ ಹೆಚ್ಚು ಸವೆದಿರುತ್ತದೆ. ಯಾರೋ ಅಜ್ಞಾತ ರಸಿಕ ಮುಳ್ಳನ್ನೆತ್ತಿ ಮತ್ತೆ ಮತ್ತೆ ಅಲ್ಲಿಗೇ ಇಟ್ಟಿದ್ದಾನೆ. ‘ಎಲ್ಲಿ ಹಿಡೀತು’ ಎಂಬ ಮಾಸ್ತರ ಪ್ರಶ್ನೆಗೆ ಅವನು ಬಾಯಿ ಬಿಡದೆ ಉತ್ತರ ಕೊಟ್ಟು ಹೋಗಿದ್ದಾನೆ.

ಮೈಸೂರಿನ ಮಿತ್ರರು ವಾದದಲ್ಲಿ ಸೋತಾಗಲೆಲ್ಲ ತಮ್ಮ ಊರಿನ ಮಹಾರಾಜರನ್ನು ನೆನೆಯುತ್ತಾರೆ. ನೆನೆಯತಕ್ಕ ವಿಷಯವೇ. ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಅಷ್ಟೇ ಆಳವಾದ ಅಭಿರುಚಿಯುಳ್ಳವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರ ಆಗ ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಜನದ ಮರೆವು ಇವುಗಳ ನಡುವೆ ದಿನ ನೂಕುತ್ತಿದ್ದನು. ಮಹಾರಾಜರಿಗೆ ಅವನ ಕೃತಿಗಳು ಹಿಡಿಸಿದ್ದುವು. ಹಿಡಿಸಿದ್ದನ್ನು ಎಲ್ಲರಿಗೂ ಕೇಳಿಸಬೇಕೆಂದು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಗೆ ಹಣವೊದಗಿಸಿದರು. ಮುದುಕ ತಾನೇ ಪಿಯಾನೋ ನುಡಿಸಿ ತನ್ನ ಕೃತಿಗಳನ್ನು ಧ್ವನಿಮುದ್ರಿಸುವಂತಾಯಿತು. ಅವನು ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡನು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಸ್ಟ್ರಾಸ್ ಕಣ್ಮುಚ್ಚಿದ ಮೇಲೆ, 1950ರ ಮೇ 22ರಂದು, ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಮಹಾರಾಜರ ದ್ರವ್ಯಸಹಾಯದಿಂದಲೇ.

“ದುಡ್ಡಿತ್ತು, ಮಾಡಿದರು,” ಎಂದರು ದರ್ಜಿಯವರು, ಈ ಕಥೆಯನ್ನು ಮೊದಲ ಸಲ ಕೇಳಿದಾಗ. ನಿಜ. ಆದರೆ ದುಡ್ಡಿದ್ದವರು ಬಹಳ ಮಂದಿ ಇದ್ದರು. ಮೆಟ್ನರನನ್ನು ಕೇಳಿ, ಇದನ್ನು ತಾನೊಬ್ಬನೇ ಕೇಳಿದರೆ ಸಾಲದೆಂದು ಚಡಪಡಿಸಿದವರು ಎಷ್ಟು ಜನ?

ಈಗ ಮಾರವಾದ ಜಗಳಕ್ಕೆ ಬರುತ್ತೇನೆ. ಒಂದು ಸಂಜೆ ಕಾಲೇಜಿನ ಹುಡುಗಿ ಉಸ್ತಾದ್ ಅಮೀರ್ ಖಾನರ ಮಾರವಾ ತಂದಿದ್ದಳು. ಲಾಂಗ್‌ಪ್ಲೇ ತಟ್ಟೆಗಳ ಕಾಲದ ಪ್ರಸಿದ್ಧ ಧ್ವನಿಮುದ್ರಿಕೆ ಅದು: ಒಂದು ಮಗ್ಗುಲಲ್ಲಿ ಮಾರವಾ, ಇನ್ನೊಂದರಲ್ಲಿ ದರಬಾರಿ. ಅವಳ ಬಳಿ ತಟ್ಟೆಯಿರಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ಒಂದು ಪುಟ್ಟ ಧ್ವನಿಪೆಟ್ಟಿಗೆಗೆ ಹೊಂದಿಸಿದಳು. ಹದಿನಾಲ್ಕು ಮಾತ್ರೆಯ ಝೂಮ್ರಾ ತಾಳ ಆಮೆಯಂತೆ ನಡೆಯುತ್ತಿರಲು ಖಾನರ ದನಿ ಕೋಮಲ ಋಷಭದ ಮೇಲೆ ಬಂದು ನಿಂತಿತು.

ಮೈಸೂರಿನವರಿಗೆ ತಡೆಯಲಾಗಲಿಲ್ಲ. “ಇದು ನಮ್ಮ ಹಂಸಾನಂದಿ ಅಲ್ವೆ ಸಾರ್?”

ಪ್ರಶ್ನೆ ತಳಬುಡವಿಲ್ಲದ್ದಲ್ಲ. ಪಂಚಮವಿಲ್ಲ, ಋಷಭ ಕೋಮಲ, ಮಧ್ಯಮ ತೀವ್ರ, ಉಳಿದವು ಶುದ್ಧ. ಹಂಸಾನಂದಿಯ ಆರು ಸ್ವರಗಳೂ ಇವೇ. ಹಿಂದೂಸ್ತಾನಿಯಲ್ಲಿಯೇ ಈ ಆರು ಸ್ವರಗಳಿಂದ ಮಾರವಾ, ಪೂರಿಯಾ, ಸೋಹನಿ ಎಂಬ ಮೂರು ರಾಗಗಳು ಹುಟ್ಟಿವೆ. ಸ್ವರಗಳು ಅವೇ, ಬಿಡಾರ ಹೂಡುವ ಸ್ಥಳ ಬೇರೆ. ಮಾರವಾ ಋಷಭ-ಧೈವತಗಳ ಮೇಲೆ ಭಾರ ಬಿಡುತ್ತದೆ. ಪೂರಿಯಾ ಗಾಂಧಾರ-ನಿಷಾದಗಳಲ್ಲಿ ನೆರಳು ಹುಡುಕುತ್ತದೆ. ಸೋಹನಿಗೆ ನೆಲವೇ ಬೇಡ, ಅದು ತಾರಷಡ್ಜದ ಆಸುಪಾಸಿನಲ್ಲಿ ಹಾರುತ್ತಿರುತ್ತದೆ. ಹಂಸಾನಂದಿಗೆ ಇವರಲ್ಲಿ ಸಮೀಪದ ಬಂಧು ಸೋಹನಿಯೇ.

ಇಷ್ಟನ್ನು ಯಾವ ಪಠ್ಯಪುಸ್ತಕವೂ ಹೇಳುತ್ತದೆ. ಹುಡುಗಿ ಹೇಳಿದ್ದು ಬೇರೆ. ತನ್ನನ್ನು ಹಿಡಿದದ್ದು ಬಂದ ಸ್ವರವಲ್ಲ, ಬಾರದ ಸ್ವರ ಎಂದಳು. ಮಾರವಾದಲ್ಲಿ ಗಾಯಕರು ಷಡ್ಜವನ್ನು ತಪ್ಪಿಸಿಕೊಂಡು ತಿರುಗುತ್ತಾರೆ. ನಿಷಾದಕ್ಕೆ ಬಂದು, ಮನೆಯ ಬಾಗಿಲು ತೆರೆದಿದ್ದರೂ ಒಳಗೆ ಹೋಗದೆ, ಹೊಸ್ತಿಲನ್ನು ದಾಟಿ ಋಷಭಕ್ಕೆ ಹೊರಟುಬಿಡುತ್ತಾರೆ. ತಂಬೂರಿ ಷಡ್ಜವನ್ನು ಕರೆಯುತ್ತಲೇ ಇರುತ್ತದೆ. ಊರು ಬಿಟ್ಟು ವಸತಿಗೃಹದಲ್ಲಿ ಇರುವ ತನಗೆ ಸಂಜೆಯ ಹೊತ್ತು ಹೀಗೆಯೇ ಆಗುತ್ತದೆ ಎಂದಳು. ಯಾರೂ ಮಾತಾಡಲಿಲ್ಲ. ಮೈಸೂರಿನವರು ಇನ್ನೊಮ್ಮೆ ಹಾಕಲು ಹೇಳಿದರು; ಈ ಸಲ ಹಂಸಾನಂದಿಯ ಹೆಸರೆತ್ತಲಿಲ್ಲ.

ಆ ಹುಡುಗಿಯ ಕೈಯೊಳಗಿನ ಯಂತ್ರದಲ್ಲಿ ನಮ್ಮ ಆಯುಷ್ಯವೆಲ್ಲ ಕೇಳಿದರೂ ಮುಗಿಯದಷ್ಟು ಸಂಗೀತವಿದೆ. ಇದರ ಮೇಲೆ ಮುನಿಯುವ ಹಿರಿಯರ ಪೈಕಿ ನಾನಲ್ಲ. ಮಲ್ಲಿಕಾರ್ಜುನ ಮನಸೂರರ ಅಪೂರ್ವ ರಾಗವೊಂದಕ್ಕಾಗಿ ರೇಡಿಯೋದ ಮುಂದೆ ತಿಂಗಳುಗಟ್ಟಲೆ ಕಾದವರಿಗೆ ಈ ಸೌಲಭ್ಯದ ಬೆಲೆ ಗೊತ್ತು. ನೀವು ಇದನ್ನು ಕೇಳಿದಿರಿ, ಆದ್ದರಿಂದ ಅದನ್ನೂ ಕೇಳಿರಿ ಎಂದು ಯಂತ್ರವೇ ಸೂಚಿಸುತ್ತದೆ. ಎಷ್ಟೋ ಸಲ ಸೂಚನೆ ಸರಿಯಾಗಿಯೇ ಇರುತ್ತದೆ. ಆದರೆ ನನಗೆ ರುಚಿಸದಿದ್ದರೆ ಯಂತ್ರದ ಮುಖ ಬಾಡುವುದಿಲ್ಲ.

ಕಳೆದ ವರ್ಷದಿಂದ ಮಾಸ್ತರ ಕಿವಿ ಮಂದವಾಗುತ್ತಿದೆ. ಮುಪ್ಪಿನಲ್ಲಿ ಮೊದಲು ಕೈಬಿಡುವುವು ಮೇಲಿನ ಸೂಕ್ಷ್ಮ ನಾದಗಳು. ತಂಬೂರಿಯ ಜವಾರಿ ಮೊದಲು ಹೋಯಿತು. ಆಮೇಲೆ ಹಾಡಿನ ವ್ಯಂಜನಗಳು. ವೈದ್ಯರು ಕೊಟ್ಟ ಶ್ರವಣಯಂತ್ರ ಮಾತಿಗಾಗಿ ಮಾಡಿದ್ದು. ಅದು ಸಂಗೀತವನ್ನು ಹಿಂಡಿಬಿಡುತ್ತದೆ. ಅದನ್ನು ಹಾಕಿಕೊಂಡರೆ ಮನಸೂರರು ಡಬ್ಬಿಯೊಳಗೆ ಕೂತು ಹಾಡಿದಂತೆ ಕೇಳಿಸುತ್ತದೆಂದು ಮಾಸ್ತರು ನಗುತ್ತಾರೆ. ಕೂಟವನ್ನು ಬೇರೆ ಮನೆಗೆ ಸಾಗಿಸೋಣವೇ ಎಂದು ಸಂಕೋಚದಿಂದ ವಿಚಾರಿಸಿದೆವು. ಅವರಿಗೆ ಸಿಟ್ಟು ಬಂತು.

“ನಿಮಗ ಕಿವಿ ಅದಾವಲ್ಲ? ನೀವು ಕೇಳ್ರಿ, ನನಗ ಹೇಳ್ರಿ.”

ಅಂದಿನಿಂದ ಹೇಳುವ ಕೆಲಸ ಹತ್ತು ಪಟ್ಟು ಕಠಿಣವಾಗಿದೆ. ಮೊದಲು ಎಲ್ಲರಿಗೂ ಕೇಳಿಸಿದ್ದರ ಬಗ್ಗೆ ಮಾತಾಡುತ್ತಿದ್ದೆವು. ಈಗ ಕೇಳಿಸದವರಿಗೆ, ಅದೂ ನಮಗಿಂತ ಚೆನ್ನಾಗಿ ಕೇಳಬಲ್ಲವರಾಗಿದ್ದವರಿಗೆ, ಹೇಳಬೇಕು. ದರ್ಜಿಯವರು ತಾನಿನ ವೇಗವನ್ನು ಬೆರಳಿನಿಂದ ಗಾಳಿಯಲ್ಲಿ ಹೊಲಿದು ತೋರಿಸುತ್ತಾರೆ. ಮೈಸೂರಿನವರು ಸ್ವರಗಳನ್ನು ಸ್ಲೇಟಿನ ಮೇಲೆ ಬರೆಯುತ್ತಾರೆ. ಅಬ್ದುಲ್ ಕರೀಮ್ ಖಾನರು ಖರಹರಪ್ರಿಯದಲ್ಲಿ ಹಾಡಿದ ತ್ಯಾಗರಾಜರ ಕೃತಿಯನ್ನು ಅವರು ಹೀಗೆ ಬರೆದು ತೋರಿಸುವಾಗ, ಅದೇ ತಟ್ಟೆಯನ್ನು ಅಷ್ಟು ವರ್ಷ ಕೇಳಿದ್ದ ನನಗೆ ಗಾಂಧಾರದ ತೂಗಾಟ ಮೊದಲ ಸಲ ತಿಳಿಯಿತು.

ಹೋದ ಸಲ ಸೇರಿದಾಗ ಮಾರವಾ ಬೇಕೆಂದು ಮಾಸ್ತರೇ ಕೇಳಿದರು. ಹುಡುಗಿ ಧ್ವನಿಪೆಟ್ಟಿಗೆಯನ್ನು ಅವರ ತೊಡೆಯ ಮೇಲೆ ಇಟ್ಟಳು. ಅವರು ಎರಡು ಅಂಗೈಗಳನ್ನೂ ಅದರ ಮೇಲೆ ಊರಿ ಕಣ್ಣು ಮುಚ್ಚಿದರು. ತುಸು ಹೊತ್ತಿನ ಮೇಲೆ, ನಮಗೆ ಬೇಕಾದುದಕ್ಕಿಂತ ದೊಡ್ಡ ದನಿಯಲ್ಲಿ ಕೇಳಿದರು:

“ಷಡ್ಜ ಬಂತೇನು?”

“ಇನ್ನೂ ಇಲ್ರಿ, ಅಜ್ಜಾರ,” ಎಂದಳು ಅವಳು, ಅವರ ಕಿವಿಯ ಬಳಿ ಬಾಗಿ.

ಮಾಸ್ತರು ತಲೆದೂಗಿದರು. ಹಾಡು ಮುಗಿಯುವವರೆಗೆ ಇನ್ನೂ ಮೂರು ಸಲ ಅದನ್ನೇ ಕೇಳಿದರು. ಮುಗಿದ ಮೇಲೆ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು, ಮುಂದಿನ ಸಲ ಪೂರಿಯಾ ತಗೊಂಡು ಬಾ ತಂಗಿ, ಎರಡರಾಗ ಏನು ಫರಕು ಅದ ಅಂತ ನೀನೇ ಹೇಳಬೇಕು ಎಂದು, ಒಳಗೆ ಚಹಾ ಆಯಿತೇ ಎಂದು ವಿಚಾರಿಸಲು ಎದ್ದರು.