ರಾಜಮನೆತನದ ಮಹಿಳೆ ಮತ್ತು ಶಾಸ್ತ್ರೀಯ ಸಂಗೀತ: ಮೈಸೂರಿನ ರಾಜಕುಮಾರಿ ವಿಜಯಾದೇವಿ

ಮೈಸೂರು ಅರಮನೆಯ ಸಂಗೀತ ಚರಿತ್ರೆಯಲ್ಲಿ ಎರಡು ಬಗೆಯ ಹೆಸರುಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಂದು, ಆಶ್ರಯ ನೀಡಿದ ಅರಸರದು; ಇನ್ನೊಂದು, ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರಂತಹ ಆಸ್ಥಾನ ವಿದ್ವಾಂಸರದು. ಅರಮನೆಯೊಳಗೇ ಹುಟ್ಟಿ ತಾವೇ ವಾದ್ಯ ಹಿಡಿದ ಹೆಣ್ಣುಮಕ್ಕಳಿಗೆ ಈ ಎರಡು ಸಾಲಿನಲ್ಲಿಯೂ ಸ್ಥಾನ ದೊರೆತದ್ದು ಕಡಿಮೆ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹಿರಿಯ ಪುತ್ರಿ, ಜಯಚಾಮರಾಜೇಂದ್ರ ಒಡೆಯರ ಸೋದರಿ ವಿಜಯಾದೇವಿಯವರು (1922–2005) ಅಂತಹವರಲ್ಲಿ ಪ್ರಮುಖರು.

ಇದು ಮೈಸೂರಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಸ್ವೀಡನ್ನಿನಲ್ಲಿ ದೊರೆ ಮೂರನೆಯ ಗುಸ್ತಾವ್ 1771ರಲ್ಲಿ ರಾಯಲ್ ಸಂಗೀತ ಅಕಾಡೆಮಿಯನ್ನು ಸ್ಥಾಪಿಸಿದನು. 1782ರಲ್ಲಿ ಅದರ ಮೊದಲ ಮಹಿಳಾ ಸದಸ್ಯೆಯಾದವಳು ಎಲಿಸಬೆತ್ ಓಲಿನ್. ಆಕೆ ವೃತ್ತಿಯಿಂದ ಗಾಯಕಿ, ಕುಲೀನ ಮನೆತನದವಳಲ್ಲ. ಕುಲೀನ ಮನೆತನದ ಸ್ತ್ರೀಯರು ಹಾಡಿದರು, ನುಡಿಸಿದರು; ಆದರೆ ಹೆಚ್ಚಾಗಿ ಅತಿಥಿಗಳ ಕೋಣೆಯಲ್ಲಿ, ಹವ್ಯಾಸಿಗಳೆಂಬ ಹೆಸರಿನಲ್ಲಿ. ಹಣ ಪಡೆದು ಹಾಡುವುದು ಅಂತಸ್ತಿಗೆ ಕುಂದು ಎಂಬ ಭಾವನೆ ಯುರೋಪಿನಲ್ಲಿಯೂ ಬಲವಾಗಿಯೇ ಇತ್ತು.

ಕನ್ನಡ ನಾಡಿನಲ್ಲಿ ಈ ಗೆರೆ ಇನ್ನೂ ದಪ್ಪವಾಗಿತ್ತು. ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಯಲ್ಲಾಗಲಿ, ಮೈಸೂರು ಸಂಸ್ಥಾನದಲ್ಲಾಗಲಿ, ಜನರ ಎದುರು ಹಾಡಿ ಕುಣಿಯುವುದು ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಮತ್ತು ಕಲಾವಂತ ಕುಲದವರ ಕಸುಬೆಂದೇ ಪರಿಗಣಿತವಾಗಿತ್ತು. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದ್ರಾಸ್ ಪ್ರಾಂತ್ಯದ ಕಾಯಿದೆ ಬಂದದ್ದು 1947ರಲ್ಲಿ. ಕಾಯಿದೆಯಿಂದ ಸೇವೆ ನಿಂತಿತೇ ಹೊರತು ವೇದಿಕೆಗೆ ಅಂಟಿದ್ದ ಕಳಂಕ ತೊಲಗಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು (1878–1952) ಆ ಕಳಂಕವನ್ನು ಎದುರಿಸಿಯೇ ಕಛೇರಿ ಮಾಡಿ, ಗಳಿಸಿದ ಹಣದಿಂದ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ನಾಗರತ್ನಮ್ಮನವರಿಗೆ ವೇದಿಕೆ ಅನಿವಾರ್ಯವಾಗಿತ್ತು. ರಾಜಕುಮಾರಿಗೆ ಅದರ ಅಗತ್ಯವೇ ಇರಲಿಲ್ಲ. ಅಗತ್ಯವಿಲ್ಲದಿರುವುದೇ ಒಂದು ಬೇಲಿಯಾಗಬಲ್ಲದು ಎಂಬುದನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲ.

ಕಲಿಕೆಯ ಮಟ್ಟಿಗೆ ಹೇಳುವುದಾದರೆ, ಆಕೆಗೆ ದೊರೆತ ಅನುಕೂಲ ಅಸಾಧಾರಣವಾದುದು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು. ಅವರ ಕಾಲದ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೆ ಯುರೋಪಿಯನ್ ವಾದ್ಯವೃಂದವೂ ಇತ್ತು. ಆಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅಲ್ಲಿ ಸೇವೆ ಸಲ್ಲಿಸಿದರು. ಒಂದೇ ದರ್ಬಾರಿನಲ್ಲಿ ಎರಡು ಸಂಗೀತಗಳನ್ನು ಕೇಳಿ ಬೆಳೆದ ಈ ಪೀಳಿಗೆಗೆ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕೆಂಬ ಒತ್ತಾಯವಿರಲಿಲ್ಲ. ವಿಜಯಾದೇವಿಯವರು ವೀಣೆಯನ್ನು ಅಭ್ಯಸಿಸಿದ್ದು ವೀಣೆ ವೆಂಕಟಗಿರಿಯಪ್ಪನವರಲ್ಲಿ. ಅವರು ನಗ್ಮಗಳ ರಚನಕಾರರೆಂದೂ ದೊರೆಸ್ವಾಮಿ ಅಯ್ಯಂಗಾರರ ಗುರುಗಳೆಂದೂ ಖ್ಯಾತರು. ವೀಣೆಯ ಜೊತೆಯಲ್ಲಿಯೇ ಪಿಯಾನೊ ಶಿಕ್ಷಣವೂ ನಡೆಯಿತು.

ವಾದ್ಯಗಳ ಸ್ವಭಾವವನ್ನು ಬಲ್ಲವರಿಗೆ ಇದು ಎಂತಹ ಸಾಧನೆಯೆಂದು ತಿಳಿದೀತು. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿ ಗಮಕವಿದೆ. ಪಿಯಾನೊದಲ್ಲಿ ಪ್ರತಿ ಸ್ವರದ ಸ್ಥಾನವೂ ಸ್ಥಿರ, ಜಾರಲು ಎಡೆಯಿಲ್ಲ. ಒಂದರಲ್ಲಿ ರಾಗದ ಏಕಧಾರೆ, ಇನ್ನೊಂದರಲ್ಲಿ ಹಲವು ಸ್ವರಗಳ ಏಕಕಾಲದ ಮೇಳ. ಬೆರಳುಗಳಿಗಿಂತ ಹೆಚ್ಚಾಗಿ ಕಿವಿಯನ್ನೇ ಎರಡು ಬಗೆಯಲ್ಲಿ ಪಳಗಿಸಬೇಕಾಗುತ್ತದೆ.

ಕಾಠಿಯಾವಾಡದ ಕೋಟಡಾ ಸಾಂಗಾಣಿ ಸಂಸ್ಥಾನದ ಪ್ರದ್ಯುಮ್ನಸಿಂಹಜಿಯವರೊಡನೆ ಆಕೆಯ ವಿವಾಹವಾಯಿತು. ಸ್ವಾತಂತ್ರ್ಯಾನಂತರ ಪತಿ ರಾಜತಾಂತ್ರಿಕ ಸೇವೆಯ ನಿಮಿತ್ತ ನ್ಯೂಯಾರ್ಕಿಗೆ ತೆರಳಿದಾಗ ಆಕೆ ಎಡ್ವರ್ಡ್ ಸ್ಟೊಯರ್ಮನ್ ಅವರಲ್ಲಿ ಪಿಯಾನೊ ಅಧ್ಯಯನವನ್ನು ಮುಂದುವರಿಸಿದರು. ಬುಸೋನಿ ಮತ್ತು ಶೋನ್‌ಬರ್ಗ್ ಅವರ ಶಿಷ್ಯರಾದ ಸ್ಟೊಯರ್ಮನ್, ಶೋನ್‌ಬರ್ಗ್ ಅವರ ಪಿಯಾನೊ ಕನ್ಚರ್ಟೊವನ್ನು 1944ರಲ್ಲಿ ಮೊದಲ ಬಾರಿಗೆ ನುಡಿಸಿದವರು. ಅಂತಹವರ ಬಳಿ ಕಲಿಯುವುದು ರಾಣಿಯರ ಕಾಲಕ್ಷೇಪದ ಮಾತಲ್ಲ.

ಇದೇ ಅವಧಿಯಲ್ಲಿ ಸೋದರ ಜಯಚಾಮರಾಜೇಂದ್ರರ ಹೆಸರು ಪಶ್ಚಿಮದ ಸಂಗೀತ ವಲಯದಲ್ಲಿ ಪ್ರಸಿದ್ಧವಾಗುತ್ತಿತ್ತು. ರಷ್ಯಾದ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಅವರು ನೆರವಾದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲಿಗೆ ಕೇಳಿಬಂದದ್ದೂ ಅವರ ನೆರವಿನಿಂದಲೇ. ಪಿಯಾನೊ ವಾದಕರಾಗಬೇಕೆಂಬ ಅವರ ಹಂಬಲಕ್ಕೆ ಸಿಂಹಾಸನ ಅಡ್ಡಿಯಾಯಿತು. ಸೋದರಿಯ ಮೇಲೆ ಸಿಂಹಾಸನದ ಹೊಣೆ ಇರಲಿಲ್ಲ. ಆದರೂ ಪ್ರಸಿದ್ಧಿ ಅಣ್ಣನ ಪಾಲಾಯಿತು. ಸಂಗೀತಕ್ಕೆ ಹಣ ಒದಗಿಸಿದವರ ಹೆಸರು ಕಡತಗಳಲ್ಲಿ ಉಳಿದಷ್ಟು ಸುಲಭವಾಗಿ ನುಡಿಸಿದವರ ಹೆಸರು ಉಳಿಯುವುದಿಲ್ಲ.

1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರಿನಲ್ಲಿ ಜಯಚಾಮರಾಜೇಂದ್ರರು ನಿಧನರಾದರು. ಅರಮನೆಯ ಆಶ್ರಯ ಪರಂಪರೆ ಹೀಗೆ ಮುಗಿದ ಆ ವರ್ಷದಲ್ಲಿಯೇ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಸೊಸೈಟಿಯ ವೇದಿಕೆ ಭಾರತೀಯ ಸಂಗೀತ, ನೃತ್ಯಗಳಿಗೂ ಪಾಶ್ಚಾತ್ಯ ಸಂಗೀತಕ್ಕೂ ಸಮಾನವಾಗಿ ತೆರೆದಿತ್ತು. ದರ್ಬಾರಿನಲ್ಲಿ ಆಹ್ವಾನಿತರಷ್ಟೇ ಕೇಳುತ್ತಿದ್ದ ಎರಡು ಸಂಗೀತಗಳೂ ಇಲ್ಲಿ ನಗರದ ಸಾಮಾನ್ಯ ಶ್ರೋತೃಗಳಿಗೆ ದೊರೆತವು. 2005ರಲ್ಲಿ ಸಂಸ್ಥಾಪಕಿ ನಿಧನರಾದ ಮೇಲೆಯೂ ಸೊಸೈಟಿಯ ಕಾರ್ಯಕ್ರಮಗಳು ಮುಂದುವರಿದವು.